ಪ್ರೆಶರ್ ವಾಷರ್: ನಾವೇ ತೊಳೆಯುವುದೋ, ಹೊರಗಿನವರನ್ನು ಕರೆಸುವುದೋ?



ಕೋಲ್ಕತ್ತಾದಲ್ಲಿ ಇಡ್ಲಿ-ದೋಸೆ ವ್ಯಾಪಾರ ಮಾಡುವವರಿಗೆ ತೊಳೆಯುವ ಕೆಲಸದ ಗಡುವನ್ನು ಆ ಊರೇ ಹಾಕಿಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಹಿತ್ತಿಲು, ಮೆಟ್ಟಿಲು, ತಾರಸಿ ಎಲ್ಲವೂ ಪಾಚಿಗಟ್ಟುತ್ತವೆ. ಅದರ ಬೆನ್ನಿಗೇ ದುರ್ಗಾಪೂಜೆ. ಆ ನಾಲ್ಕೈದು ದಿನ ರಾತ್ರಿಯಿಡೀ ಗಿರಾಕಿ. ಈ ಎರಡರ ಮಧ್ಯೆ ಸಿಗುವ ಕೆಲವೇ ವಾರಗಳಲ್ಲಿ ಎಲ್ಲ ಮಾಲೀಕರಿಗೂ ಏಕಕಾಲಕ್ಕೆ ಒಂದೇ ಯೋಚನೆ: ಅಂಗಡಿಯಲ್ಲಿ ಪ್ರೆಶರ್ ವಾಷರ್ ಸಿಗುತ್ತದೆ, ಒಂದು ತಂದು ನಮ್ಮ ಹುಡುಗರ ಕೈಯಲ್ಲೇ ತೊಳೆಸಿಬಿಡೋಣವೇ, ಅಥವಾ ಕ್ಲೀನಿಂಗ್ ಕಂಪನಿಯವರನ್ನು ಕರೆಸೋಣವೇ?

ಈ ಪಾಠಕ್ಕೆ ಕೋಲ್ಕತ್ತಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಲೇಕ್ ಮಾರ್ಕೆಟ್, ರಾಸಬಿಹಾರಿ ಅವೆನ್ಯೂ ಕಡೆ ದಕ್ಷಿಣದವರು ನೆಲೆಸಿ ತಲೆಮಾರುಗಳೇ ಕಳೆದಿವೆ. ಹಳೆಯ ಕಟ್ಟಡ, ಕೆಳಗೆ ಹೋಟೆಲ್, ಮೇಲೆ ಸಂಸಾರಗಳು, ಎದುರಿಗೆ ಹಳೆಯ ಚರಂಡಿ. ಇಂಥ ಜಾಗದಲ್ಲಿ ತಪ್ಪು ತೊಳೆತದ ಫಲ ಬೇಗ ಕಾಣುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿರುವವರೂ ಇದನ್ನು ತಮ್ಮದೆಂದೇ ಓದಿಕೊಳ್ಳಬಹುದು.

ಮೊದಲು ಮಿಷಿನ್ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ನಲ್ಲಿಯ ನೀರಿನ ಒತ್ತಡ ಸಾಮಾನ್ಯವಾಗಿ 2-3 ಬಾರ್. ಮನೆಬಳಕೆಯ ವಾಷರ್ ಅದನ್ನು 100ರಿಂದ 130 ಬಾರ್‌ಗೆ ಏರಿಸಿ, ನಿಮಿಷಕ್ಕೆ 5-7 ಲೀಟರ್ ನೀರು ಬಿಡುತ್ತದೆ. ವೃತ್ತಿಯವರು ತರುವ ಯಂತ್ರ 150-200 ಬಾರ್, ನಿಮಿಷಕ್ಕೆ 10-15 ಲೀಟರ್. ಒತ್ತಡವನ್ನು ನೀರಿನ ಪ್ರಮಾಣದಿಂದ ಗುಣಿಸಿ 600ರಿಂದ ಭಾಗಿಸಿದರೆ ನೀರಿನಲ್ಲಿರುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. 120 ಬಾರ್, 6 ಲೀಟರ್ ಎಂದರೆ 1.2 ಕಿಲೋವ್ಯಾಟ್. 200 ಬಾರ್, 15 ಲೀಟರ್ ಎಂದರೆ 5 ಕಿಲೋವ್ಯಾಟ್. ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಡಬ್ಬದ ಮೇಲೆ ಬರೆದಿರುವ ಬಾರ್ ಒಂದನ್ನೇ ನೋಡಿ ಕೊಳ್ಳುವವರು ಈ ಲೆಕ್ಕವನ್ನು ಅಂಗಡಿಯಲ್ಲೇ ಹಾಕಿ ನೋಡಬೇಕು. ಮೂರು ಫೇಸ್ ಕರೆಂಟ್ ಯಾಕೆ ಬೇಕಾಗುತ್ತದೆ ಎಂಬುದಕ್ಕೂ ಇದೇ ಉತ್ತರ.

ಆದರೆ ಹೋಟೆಲಿನ ಕೊಳೆ ಒತ್ತಡಕ್ಕೆ ಮಾತ್ರ ಬಗ್ಗುವಂಥದ್ದಲ್ಲ. 1959ರಲ್ಲಿ ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬ ರಸಾಯನಶಾಸ್ತ್ರಜ್ಞ ಹೇಳಿದ ಸೂತ್ರವನ್ನು ಕ್ಲೀನಿಂಗ್ ವೃತ್ತಿಯವರು ಇಂದಿಗೂ ಪಾಠ ಮಾಡುತ್ತಾರೆ: ಶುಚಿತ್ವಕ್ಕೆ ಬೇಕಾದದ್ದು ಬಿಸಿ, ರಸಾಯನ, ಉಜ್ಜುವ ಬಲ ಮತ್ತು ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ನಮ್ಮ ಪಾತ್ರೆ ತೊಳೆಯುವ ಹೆಂಗಸರು ಬಿಸಿನೀರಿಗೆ ಸೋಡಾ ಹಾಕಿ ಬಾಂಡಲೆ ನೆನೆಹಾಕುವುದೂ ಇದೇ ಶಾಸ್ತ್ರ. ಅವರಿಗೆ ಸಿನ್ನರ್ ಸಾಹೇಬರ ಹೆಸರು ಗೊತ್ತಿಲ್ಲ, ಅಷ್ಟೇ.

ತುಪ್ಪ, ಡಾಲ್ಡಾ ಇಂಥವು 40 ಡಿಗ್ರಿಯ ಆಸುಪಾಸಿನಲ್ಲಿ ಕರಗಿಬಿಡುತ್ತವೆ. 60 ಡಿಗ್ರಿ ಬಿಸಿನೀರು ಬಿಟ್ಟರೆ ಹರಿದುಹೋಗುತ್ತವೆ. ಅದೇ ಜಿಡ್ಡಿಗೆ ತಣ್ಣೀರಿನ ಜೆಟ್ ಹೊಡೆದರೆ ಅದು ಗಟ್ಟಿಯಾಗಿ, ಚೂರುಚೂರಾಗಿ ಹಾರಿ ಪಕ್ಕದ ಗೋಡೆಗೆ ಅಂಟುತ್ತದೆ. ಇನ್ನು ಎಣ್ಣೆ ಹಲವು ತಿಂಗಳು ಬಿಸಿಗೆ ಸಿಕ್ಕು ವಾರ್ನಿಷ್‌ನಂತೆ ಕಂದುಗಟ್ಟಿದ್ದರೆ ಬಿಸಿನೀರಿಗೂ ಕರಗದು, ಕ್ಷಾರ ಬೇಕೇ ಬೇಕು. ಮನೆಬಳಕೆಯ ಮಿಷಿನ್‌ಗಳಲ್ಲಿ ಬಹುಪಾಲು ತಣ್ಣೀರಿನವು. ಒಳಗಿನ ಸೀಲುಗಳು ಹೆಚ್ಚು ಬಿಸಿಯನ್ನು ತಾಳುವುದಿಲ್ಲ. ಜರ್ಮನಿಯ ಕಾರ್ಖರ್ ಕಂಪನಿ 1950ರಲ್ಲಿ ಯುರೋಪಿನ ಮೊದಲ ಅಧಿಕ ಒತ್ತಡದ ತೊಳೆಯುವ ಯಂತ್ರ ಮಾಡಿದಾಗ ಅದು ಬಿಸಿನೀರಿನದೇ ಆಗಿತ್ತು ಎಂಬುದನ್ನು ಗಮನಿಸಬೇಕು.

ಹಾಗಾದರೆ ನಮ್ಮ ಹುಡುಗರು ಏನನ್ನು ತೊಳೆಯಬಹುದು? ಹಿತ್ತಿಲಿನ ಸಿಮೆಂಟ್ ಅಂಗಳ, ಕಸದ ಡ್ರಮ್ಮು ಇಡುವ ಜಾಗ, ಮೆಟ್ಟಿಲು, ಶಟರ್, ಡೆಲಿವರಿ ವ್ಯಾನು, ಪ್ಲಾಸ್ಟಿಕ್ ಕ್ರೇಟುಗಳು. ಇವಕ್ಕೆ ಸಣ್ಣ ಮಿಷಿನ್ ಧಾರಾಳ ಸಾಕು. ಪಾಚಿಯ ಮೇಲೆ ಕಾಲು ಜಾರಿ ಸಾಂಬಾರ್ ಪಾತ್ರೆ ಸಮೇತ ಬೀಳುವ ಅನಾಹುತ ತಪ್ಪಿಸಲು ಮಳೆಗಾಲದಲ್ಲಿ ವಾರಕ್ಕೊಮ್ಮೆ ಇದನ್ನು ಮಾಡಲೇಬೇಕು. ವಾರಕ್ಕೊಮ್ಮೆ ಹೊರಗಿನವರನ್ನು ಕರೆಸುವುದು ಯಾರಿಗೂ ಗಿಟ್ಟದು. ಮಿಷಿನ್ ಹತ್ತು ಸಾವಿರ ಎಂದಿಟ್ಟುಕೊಳ್ಳಿ, ಮೂರು ವರ್ಷ ಬಂದರೆ ವಾರಕ್ಕೆ ಅರವತ್ತೈದು ರೂಪಾಯಿಯೂ ಬೀಳುವುದಿಲ್ಲ. ಈ ಭಾಗದಲ್ಲಿ ಚರ್ಚೆಯೇ ಬೇಡ, ಕೊಂಡುಬಿಡಿ.

ಕೊಂಡ ಮೇಲೆ ನಾಝಲ್‌ಗಳ ಬಣ್ಣ ಕಲಿಸಿ. ಕೆಂಪು ಎಂದರೆ ಸೂಜಿಯಂತೆ ನೇರ ಧಾರೆ, ಹಳದಿ 15 ಡಿಗ್ರಿ, ಹಸಿರು 25, ಬಿಳಿ 40. ಕೆಂಪನ್ನು ಮಾಲೀಕರು ಗಲ್ಲಾದೊಳಗೆ ಇಟ್ಟು ಬೀಗ ಹಾಕುವುದೇ ವಾಸಿ. ಕೋಲ್ಕತ್ತಾದ ಹಳೆಯ ಮನೆಗಳ ಗೋಡೆ ಸುಣ್ಣ-ಸುರ್ಕಿಯ ಗಾರೆ, ನೆಲ ಕೆಂಪು ಸಿಮೆಂಟಿನದು. ಹತ್ತಿರದಿಂದ ಹೊಡೆದರೆ ಗಾರೆ ಉದುರುತ್ತದೆ, ನೆಲದ ಹೊಳಪು ಹೋಗಿ ಪಟ್ಟೆ ಬೀಳುತ್ತದೆ. ಬಾಡಿಗೆ ಕಟ್ಟಡವಾದರೆ ಕಟ್ಟಡದ ಯಜಮಾನರಿಗೆ ನೀವೇ ಉತ್ತರ ಹೇಳಬೇಕು. ಅಗಲ ಧಾರೆಯನ್ನೇ ಬಳಸಿ, ಒಂದಡಿ ದೂರ ಹಿಡಿದು, ಮೊದಲು ಮೂಲೆಯಲ್ಲಿ ಒಂದು ಗೇಣು ಜಾಗ ತೊಳೆದು ನೋಡಿ.

ಧಾರೆಯನ್ನು ತಮಾಷೆಗೂ ಮನುಷ್ಯರ ಕಡೆ ತಿರುಗಿಸಕೂಡದು. 7 ಬಾರ್ ಒತ್ತಡವೇ ಚರ್ಮ ತೂರಲು ಸಾಕು, ನಮ್ಮ ಮಿಷಿನ್ 100ರ ಮೇಲೆ. ಗಾಯ ಹೊರಗೆ ಸೂಜಿಮೊನೆಯಷ್ಟೇ ಕಾಣುತ್ತದೆ, ಒಳಗೆ ಕೊಳೆನೀರು ಬೆರಳುದ್ದ ಹರಡಿರುತ್ತದೆ. ಅರಿಶಿನ ಮೆತ್ತಿ ಸುಮ್ಮನಿರುವ ಗಾಯ ಇದಲ್ಲ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಒತ್ತಡದ ನೀರು ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಕರೆಂಟ್ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಪ್ಲಗ್ ಹಾಕಬೇಡಿ. ಹುಡುಗರಿಗೆ ಗಂಬೂಟು, ಕನ್ನಡಕ ಕೊಡಿ.

ಅಡುಗೆಮನೆಯ ಒಳಗೆ ಮಾತ್ರ ಈ ಮಿಷಿನ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಗ್ರೈಂಡರ್ ಮೋಟಾರಿಗೆ ನೀರು ಹೋಗುತ್ತದೆ, ಫ್ರಿಜ್ ಕಂಡೆನ್ಸರ್‌ನ ರೆಕ್ಕೆಗಳು ಬಾಗುತ್ತವೆ, ಟೈಲ್ಸ್ ಸಂದಿನ ಗ್ರೌಟ್ ಕಿತ್ತು ಕೆಳಗೆ ಜಿರಳೆಗೆ ಮನೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೋರಿಗೆ ಜೆಟ್ ಹೊಡೆದಾಗ ಅಲ್ಲಿನ ಕ್ರಿಮಿಗಳು ಮಂಜಿನ ರೂಪದಲ್ಲಿ ಎದ್ದು ಹಿಟ್ಟಿನ ಪಾತ್ರೆ, ಚಟ್ನಿ ಡಬರಿಗಳ ಮೇಲೆ ಕೂರುತ್ತವೆ. ಆಹಾರ ಕಾರ್ಖಾನೆಗಳಲ್ಲಿ ಇದೇ ಕಾರಣಕ್ಕೆ 20-25 ಬಾರ್‌ನ ಕಡಿಮೆ ಒತ್ತಡದಲ್ಲಿ ನೊರೆ ಹಾಕಿ ತೊಳೆಯುವ ರೂಢಿ ಇದೆ. ನಮಗೆ ಬಿಸಿನೀರು, ಸೋಪು, ಬ್ರಷ್ಷು, ವೈಪರ್ ಸಾಕು.

ಇನ್ನು ಹೊರಗಿನವರಿಗೇ ಬಿಡಬೇಕಾದ ಕೆಲಸ. ಇಲ್ಲಿ ಹಣದ ಲೆಕ್ಕ ಹಿಂದಕ್ಕೆ ಸರಿಯಬೇಕು.

ಎಕ್ಸಾಸ್ಟ್ ಹುಡ್ಡು ಮತ್ತು ಡಕ್ಟು. ಹುಡ್ಡಿನ ಫಿಲ್ಟರ್‌ಗಳನ್ನು ನಾವೇ ಬಿಚ್ಚಿ ನೆನೆಹಾಕಿ ತೊಳೆಯಬಹುದು (ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಸೋಡಾ ಮುಟ್ಟಿಸಬೇಡಿ, ಲೋಹವನ್ನೇ ತಿನ್ನುತ್ತದೆ). ಆದರೆ ಹುಡ್ಡಿನಿಂದ ತಾರಸಿಯವರೆಗಿನ ಡಕ್ಟಿನೊಳಗೆ ಕೂತ ಎಣ್ಣೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಲೆಯ ಮೇಲೆ ಬಾಂಡಲೆಗೆ ಬೆಂಕಿ ಹತ್ತಿದರೆ ಫ್ಯಾನು ಆ ಜ್ವಾಲೆಯನ್ನು ಡಕ್ಟಿಗೆ ಎಳೆಯುತ್ತದೆ, ಡಕ್ಟು ಅದನ್ನು ಮೇಲಿನ ಮನೆಗಳ ಕಿಟಕಿಯ ಪಕ್ಕ ಕೊಂಡೊಯ್ಯುತ್ತದೆ. 2010ರ ಮಾರ್ಚ್ 23ರಂದು ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟ್‌ನಲ್ಲಿ ಬೆಂಕಿ ಬಿದ್ದು 43 ಜನ ಸತ್ತರು. ಅಲ್ಲಿಯೂ ಕೆಳಗೆ ಹೆಸರಾಂತ ಹೋಟೆಲುಗಳು, ಮೇಲೆ ಕಚೇರಿ, ಮನೆಗಳು. ಆ ಬೆಂಕಿ ಅಡುಗೆಮನೆಯದಲ್ಲ ನಿಜ, ಆದರೆ ಇಂಥ ಹಳೆಯ ಕಟ್ಟಡದಲ್ಲಿ ಮೇಲಿದ್ದವರಿಗೆ ಇಳಿದು ಬರಲು ದಾರಿ ಎಷ್ಟು ಕಿರಿದು ಎಂಬುದನ್ನು ಅದು ಊರಿಗೆಲ್ಲ ತೋರಿಸಿತು.

ಅಮೆರಿಕದ ಎನ್‌ಎಫ್‌ಪಿಎ 96 ಎಂಬ ನಿಯಮಾವಳಿ ಡಕ್ಟ್ ತಪಾಸಣೆಗೆ ಅವಧಿ ಹೇಳುತ್ತದೆ: ಕಲ್ಲಿದ್ದಲು, ಸೌದೆ ಉರಿಸುವಲ್ಲಿ ತಿಂಗಳಿಗೊಮ್ಮೆ, ಹೆಚ್ಚು ಕರಿಯುವ ಅಥವಾ ಹಗಲು ರಾತ್ರಿ ನಡೆಯುವ ಅಡುಗೆಮನೆಗೆ ಮೂರು ತಿಂಗಳಿಗೊಮ್ಮೆ, ಮಧ್ಯಮ ವ್ಯಾಪಾರಕ್ಕೆ ಆರು ತಿಂಗಳಿಗೊಮ್ಮೆ. ವಡೆ, ಪೂರಿ, ಬೋಂಡ ಕರಿಯುವ ನಮ್ಮ ಅಡುಗೆಮನೆ ಯಾವ ಗುಂಪಿಗೆ ಸೇರುತ್ತದೆ ಎಂದು ತಾವೇ ಹೇಳಿಕೊಳ್ಳಿ. ಡಕ್ಟಿಗೆ ಸಣ್ಣ ಮಿಷಿನ್ ಹಿಡಿದರೆ ಜಿಡ್ಡು ಹೋಗದು, ನೀರು ಮಾತ್ರ ಜಾಯಿಂಟ್‌ಗಳಿಂದ ಫಾಲ್ಸ್ ಸೀಲಿಂಗಿಗೆ, ವೈರಿಂಗಿಗೆ ಇಳಿಯುತ್ತದೆ.

ಕಂಪನಿಯವರನ್ನು ಕರೆಸುವಾಗಲೂ ಕಣ್ಣುಮುಚ್ಚಿ ಒಪ್ಪಬೇಡಿ. ಹುಡ್ಡಿನ ಹೊರಮೈ ಮಿರಮಿರ ಉಜ್ಜಿ, ಬಿಲ್ಲು ಕೊಟ್ಟು ಹೋಗುವವರಿದ್ದಾರೆ. ಬಿಸಿನೀರಿನ ಯಂತ್ರ ಇದೆಯೇ ಎಂದು ಕೇಳಿ. ಡಕ್ಟಿನ ಬಾಗಿಲು ತೆಗೆದು ಬರಿಯ ತಗಡು ಕಾಣುವವರೆಗೆ ಕೆರೆಯುತ್ತಾರೆಯೇ, ಮೊದಲು ಮತ್ತು ನಂತರದ ಫೋಟೋ ಕೊಡುತ್ತಾರೆಯೇ, ಕೆಲಸಗಾರರಿಗೆ ವಿಮೆ ಇದೆಯೇ, ಬಳಸುವ ರಸಾಯನ ಯಾವುದು, ಜಿಡ್ಡಿನ ನೀರನ್ನು ಎಲ್ಲಿಗೆ ಒಯ್ಯುತ್ತಾರೆ, ಈ ಎಲ್ಲವೂ ಕೊಟೇಶನ್ನಿನಲ್ಲಿ ಬರಹದಲ್ಲಿರಲಿ. ಕೆಲಸ ಮುಗಿದ ತಾರೀಖಿನ ಪತ್ರವನ್ನು ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಫೈಲಿನಲ್ಲೇ ಇಡಿ, ತಪಾಸಣೆಯವರು ಕೇಳಿದಾಗ ಹುಡುಕುವ ಕಷ್ಟವಿಲ್ಲ.

ಜಿಡ್ಡಿನ ನೀರು ಎಲ್ಲಿಗೆ ಎಂಬ ಪ್ರಶ್ನೆಯನ್ನು ಕೋಲ್ಕತ್ತಾದಲ್ಲಿ ತಳ್ಳಿಹಾಕುವಂತಿಲ್ಲ. ನಗರದ ಹಳೆಯ ಭಾಗದ ಇಟ್ಟಿಗೆಯ ಒಳಚರಂಡಿಗಳು ಎಂಜಿನಿಯರ್ ವಿಲಿಯಂ ಕ್ಲಾರ್ಕ್‌ನ ಯೋಜನೆಯಂತೆ 19ನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದವು. ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುವ ಏರ್ಪಾಡು. ಅದರಲ್ಲಿ ನಿಮ್ಮ ಕರಗಿದ ಡಾಲ್ಡಾ ಹತ್ತು ಗಜ ಹೋಗಿ ತಣ್ಣಗಾಗಿ ಕೂತರೆ, ಮೊದಲ ಜೋರು ಮಳೆಗೆ ಅದೇ ನೀರು ನಿಮ್ಮ ಹೊಸ್ತಿಲಿಗೆ ವಾಪಸು. ಮುಂದೆ ಹೋದದ್ದು ಪೂರ್ವದ ಜೌಗುಭೂಮಿಗೆ ಸೇರುತ್ತದೆ. ಸುಮಾರು 12,500 ಹೆಕ್ಟೇರ್ ವಿಸ್ತಾರದ ಆ ಪ್ರದೇಶ 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ನಗರದ ಕೊಳಚೆನೀರಿನಲ್ಲೇ ಮೀನು ಸಾಕುತ್ತಾರೆ, ಆ ಮೀನು ಊರಿನ ಮಾರುಕಟ್ಟೆಗೇ ಬರುತ್ತದೆ. ಆದ್ದರಿಂದ ಗ್ರೀಸ್ ಟ್ರ್ಯಾಪ್ ಇರಲೇಬೇಕು, ಮೇಲಿನ ಜಿಡ್ಡನ್ನು ವಾರವಾರವೂ ಹೊರಗಿನಿಂದಲೇ ಸೌಟಿನಿಂದ ತೆಗೆದು ಡಬ್ಬದಲ್ಲಿ ತುಂಬಿಸಬೇಕು.

ಆದರೆ ಆಳದ ಗುಂಡಿ, ಮ್ಯಾನ್‌ಹೋಲ್ ಕಟ್ಟಿಕೊಂಡರೆ ಯಾರನ್ನೂ ಒಳಗೆ ಇಳಿಸಬೇಡಿ. ವಿಷಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣಾ ಸಾಧನವಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದಿದೆ, ಇಳಿಸಿದವರೇ ಹೊಣೆ. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ಕೋಲ್ಕತ್ತಾ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಚರಂಡಿ ಬಳಿಸುವುದನ್ನು ನಿಷೇಧಿಸಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 2ರಂದು, ಕೋಲ್ಕತ್ತಾದ ಬಾನ್ತಲಾ ಚರ್ಮೋದ್ಯಮ ಪ್ರದೇಶದಲ್ಲಿ ಮ್ಯಾನ್‌ಹೋಲಿಗೆ ಇಳಿದ ಮೂವರು ಸತ್ತರು. ಐನೂರು ರೂಪಾಯಿಗೆ ಇಳಿಯಲು ಸಿದ್ಧ ಎಂದು ಯಾರಾದರೂ ಬಂದರೂ ಬೇಡವೆನ್ನಿ, ಸಕ್ಷನ್ ಗಾಡಿಯನ್ನೇ ತರಿಸಿ.

ಕೊನೆಯದಾಗಿ ಮಿಷಿನ್ ಕೊಂಡವರಿಗೆ ಒಂದು ಮಾತು. ಕೋಲ್ಕತ್ತಾದಲ್ಲಿ ಬ್ರಿಟಿಷರ ಕಾಲದಿಂದ ರಸ್ತೆ ತೊಳೆಯಲೆಂದೇ ಶೋಧಿಸದ ಹೂಗ್ಲಿ ನೀರಿನ ಬೇರೆ ಕೊಳವೆಗಳನ್ನು ಹಾಕಿದ್ದರು. ಪುಕ್ಕಟೆ ಸಿಗುತ್ತದೆಂದು ಅಂಥ ಕೆಸರು ನೀರನ್ನು ಮಿಷಿನ್ನಿಗೆ ಕೊಟ್ಟರೆ ಮರಳು ಪಂಪಿನ ವಾಲ್ವ್‌ಗಳನ್ನು ಉಜ್ಜಿಹಾಕುತ್ತದೆ. ತೊಟ್ಟಿಯ ಶುದ್ಧ ನೀರನ್ನೇ ಕೊಡಿ, ಒಳಬರುವ ಕಡೆಯ ಜಾಲರಿಯನ್ನು ತಿಂಗಳಿಗೊಮ್ಮೆ ತೆಗೆದು ತೊಳೆಯಿರಿ. ಡಕ್ಟ್ ಕೆಲಸಕ್ಕೆ ಮಹಾಲಯಕ್ಕೆ ಒಂದು ತಿಂಗಳಾದರೂ ಮುಂಚೆ ದಿನ ಗೊತ್ತುಮಾಡಿಕೊಳ್ಳಿ.