ಮನೆಯ ಸೀಲಿಂಗ್ ಅಲಂಕಾರ: ವೆಚ್ಚ ಯಾವ ಲೆಕ್ಕಕ್ಕೆ?

ಮನೆಯ ಹಜಾರದ ಸೀಲಿಂಗ್‌ಗೆ ಜಿಪ್ಸಮ್ ಬೋರ್ಡ್ ಅಳವಡಿಸಿ, ಅದರ ಮೇಲೆ ಟೆಕ್ಸ್ಚರ್ ವಿನ್ಯಾಸ ಮೂಡಿಸುವ ಪದ್ಧತಿ ಇಂದು ವ್ಯಾಪಕವಾಗಿದೆ. ಕೆಲಸ ಮುಗಿದೊಡನೆ ವರ್ತಕ ಬಂಧುಗಳು ಲೆಕ್ಕಪರಿಶೋಧಕರ ಮುಂದೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನಿಡುತ್ತಾರೆ: ಗುತ್ತಿಗೆದಾರನಿಂದ ಬಿಲ್ ಪಡೆಯಲೇಬೇಕೇ? ಪಡೆದರೆ ಅದನ್ನು ಅಂಗಡಿಯ ಖರ್ಚಿಗೆ ಬರೆಯಬಹುದೇ? ಇವುಗಳಿಗೆ ಉತ್ತರ ಕಂಡುಕೊಳ್ಳುವುದು ಈ ಲೇಖನದ ಉದ್ದೇಶ.

1. ಅಂದಾಜು: ಹಜಾರ 20 ಅಡಿ ಉದ್ದ, 15 ಅಡಿ ಅಗಲವಿದೆ ಎಂದು ಭಾವಿಸೋಣ. ಸೀಲಿಂಗ್‌ನ ವಿಸ್ತೀರ್ಣ 300 ಚದರ ಅಡಿ. ಅಂಚಿನ ಪಟ್ಟಿ 70 ರನ್ನಿಂಗ್ ಅಡಿ. ಉದಾಹರಣೆಗೆಂದು ಚದರ ಅಡಿಗೆ ರೂ. 120 ಹಾಗೂ ರನ್ನಿಂಗ್ ಅಡಿಗೆ ರೂ. 80 ಹಿಡಿದರೆ ರೂ. 36,000 ಮತ್ತು ರೂ. 5,600, ಒಟ್ಟು ರೂ. 41,600. ಶೇ. 18ರ ಜಿಎಸ್‌ಟಿ ರೂ. 7,488 ಸೇರಿ ರೂ. 49,088. ಬಣ್ಣ, ಸಾರುವೆ, ವಿದ್ಯುತ್ ಪಾಯಿಂಟ್‌ಗಳ ಮರುಜೋಡಣೆ ಈ ದರದಲ್ಲಿ ಸೇರಿವೆಯೇ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ತಾರಸಿಯಲ್ಲಿ ಸೋರಿಕೆ ಇದ್ದರೆ ಅದನ್ನು ಸರಿಪಡಿಸಿದ ನಂತರವೇ ಕೆಲಸ ಆರಂಭಿಸತಕ್ಕದ್ದು. ಟೆಕ್ಸ್ಚರ್ ಸಣ್ಣಪುಟ್ಟ ಏರುಪೇರುಗಳನ್ನು ಮರೆಮಾಚೀತೇ ಹೊರತು ತೇವವನ್ನು ತಡೆಯಲಾರದು. ನೀರು ಹೀರಿದ ಜಿಪ್ಸಮ್ ಮೆತ್ತಗಾಗುತ್ತದೆ.

2. ಅಂಗಡಿಯ ಲೆಕ್ಕ: ಸ್ವಂತ ವಾಸದ ಮನೆಯ ವೆಚ್ಚ ವ್ಯಾಪಾರದ ಖರ್ಚಲ್ಲ. ಅದನ್ನು ಅಂಗಡಿಯ ಹಣದಿಂದ ಕೊಟ್ಟಿದ್ದರೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. ವೈಯಕ್ತಿಕ ಬಳಕೆಯ ಸೇವೆಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ದುರಸ್ತಿ ಖರ್ಚೆಂದು ತೋರಿಸಿ ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿಗಳ ಜೊತೆಗೆ, ತಪ್ಪು ಮಾಹಿತಿಯೆಂದು ಪರಿಗಣಿತವಾದಲ್ಲಿ ಆ ತೆರಿಗೆಯ ಎರಡು ಪಟ್ಟು ದಂಡ ವಿಧಿಸಲು ಅವಕಾಶವಿದೆ.

3. ಬಾಡಿಗೆ ಮನೆ: ಬಾಡಿಗೆಗೆ ಕೊಟ್ಟ ಮನೆಯಾದರೆ ನಿವ್ವಳ ವಾರ್ಷಿಕ ಮೌಲ್ಯದ ಶೇ. 30ರಷ್ಟು ಕಡಿತ ತಾನಾಗಿ ದೊರೆಯುತ್ತದೆ. ನಿಜವಾದ ಖರ್ಚು ಅದಕ್ಕಿಂತ ಹೆಚ್ಚಿರಲಿ, ಕಡಿಮೆಯಿರಲಿ, ಪ್ರತ್ಯೇಕ ಕಡಿತವಿಲ್ಲ.

4. ಮನೆ ಮಾರುವಾಗ: ಸ್ಥಿರವಾಗಿ ಅಳವಡಿಸಿದ ಹೊಸ ಸೀಲಿಂಗ್ ಬಂಡವಾಳ ಸ್ವರೂಪದ ಸುಧಾರಣೆ ಎಂದು ವಾದಿಸಲು ಆಧಾರವಿದೆ. ಇದ್ದ ಗಾರೆಯ ಮೇಲೆ ಬರಿಯ ಟೆಕ್ಸ್ಚರ್ ಲೇಪಿಸಿದ್ದರೆ ಅದು ಬಣ್ಣ ಬಳಿದಂತೆ. ನಿರ್ವಹಣೆ ಎನಿಸಿಕೊಳ್ಳುವ ಸಂಭವವೇ ಹೆಚ್ಚು. ಆದ್ದರಿಂದ ಬಿಲ್ಲಿನಲ್ಲಿ ಕೆಲಸದ ವಿವರ ಸ್ಪಷ್ಟವಾಗಿರಬೇಕು.

ಮೇಲಿನ ಮನೆಯನ್ನು 2024ರ ಜುಲೈ 23ರ ನಂತರ ಕೊಂಡು, ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಲಾಭಕ್ಕೆ ಮಾರಿದರೆಂದು ಊಹಿಸೋಣ. ದೀರ್ಘಾವಧಿ ಬಂಡವಾಳ ಲಾಭಕ್ಕೆ ತೆರಿಗೆ ಶೇ. 12.5. ಬಿಲ್ ಇದ್ದು ಸುಧಾರಣೆಯ ವೆಚ್ಚ ಒಪ್ಪಿತವಾದರೆ, ಸೆಸ್, ಸರ್ಚಾರ್ಜ್ ಬಿಟ್ಟು, ರೂ. 6,136 ತೆರಿಗೆ ಉಳಿಯುತ್ತದೆ. ಬಿಲ್ ಇಲ್ಲದವರು ರೂ. 7,488 ಉಳಿಸಿದೆವೆಂದು ಭಾವಿಸುತ್ತಾರೆ. ವ್ಯತ್ಯಾಸ ಕೇವಲ ರೂ. 1,352!

ಈ ಅಲ್ಪ ಮೊತ್ತ ಉಳಿದೀತು, ನಿಜ. ಆದರೆ ಬೋರ್ಡ್ ಬಿರುಕುಬಿಟ್ಟರೆ, ಕಳಚಿ ಬಿದ್ದರೆ ಗುತ್ತಿಗೆದಾರನನ್ನು ಕೇಳುವುದು ಯಾವ ಆಧಾರದ ಮೇಲೆ? ಬಳಕೆದಾರರ ಆಯೋಗದ ಮುಂದೆ ಹಾಜರುಪಡಿಸುವುದೇನನ್ನು? ಗ್ರಾಹಕರಿಗೆ ಬಿಲ್ ಕೊಡುವ ನಾವು, ನಾವೇ ಗ್ರಾಹಕರಾದಾಗ ಅದನ್ನು ಬೇಡವೆನ್ನುವುದು ಸರಿಯಲ್ಲ.

ಒಪ್ಪಂದ, ಬಿಲ್, ಬ್ಯಾಂಕ್ ಮೂಲಕ ಮಾಡಿದ ಪಾವತಿಯ ದಾಖಲೆ ಮತ್ತು ಕೆಲಸದ ಮೊದಲಿನ ಹಾಗೂ ನಂತರದ ಛಾಯಾಚಿತ್ರಗಳು: ಈ ನಾಲ್ಕನ್ನು ಮನೆಯ ಕ್ರಯಪತ್ರದ ಕಡತದಲ್ಲಿಯೇ ಇರಿಸಿರಿ. ಮನೆ ಮಾರುವ ದಿನ ಹತ್ತಾರು ವರ್ಷಗಳ ನಂತರ ಬರಬಹುದು; ಅಂದು ಲೆಕ್ಕ ಒಪ್ಪಿಸಬೇಕಾದವರು ನಿಮ್ಮ ಮಕ್ಕಳೂ ಆಗಿರಬಹುದು.