ರಿವರ್ಸ್ ಹಾಕಿದಾಗ ಮಾತ್ರ ಕಾರು ಯಾಕೆ ನಡುಗುತ್ತೆ?

ಇವತ್ತು ಸೌದಿ ಅರೇಬಿಯಾದ ತಾಯಿಫ್‌ಗೆ ಹೋಗೋಣ. ಸಮುದ್ರ ಮಟ್ಟದಿಂದ ಸುಮಾರು 1,880 ಮೀಟರ್ ಎತ್ತರದ ಊರು ಅದು. ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರ. ಅಲ್ಲೊಂದು ಮನೆ ಮುಂದೆ, ಏರು ರಸ್ತೆಯಲ್ಲಿ, 1970ರ ದಶಕದ ಎಂಜಿಬಿ ಸ್ಪೋರ್ಟ್ಸ್ ಕಾರು ನಿಂತಿದೆ ಅಂತ ಇಟ್ಕೊಳ್ಳಿ. ಮುಂದಕ್ಕೆ ಸಲೀಸಾಗಿ ಹೋಗುತ್ತೆ. ರಿವರ್ಸ್ ಹಾಕಿ ಕ್ಲಚ್ ಬಿಡ್ತಾ ಬಂದರೆ ಇಡೀ ಕಾರು ಗಡಗಡ ನಡುಗುತ್ತೆ.

ಇಂಥ ಕಡೆ ಮೊದಲು ಬರೋ ಮಾತು, "ಕ್ಲಚ್ ಪ್ಲೇಟ್ ಹೋಗಿದೆ." ಆದರೆ ಎಂಜಿಬಿಯಲ್ಲಿ ಕ್ಲಚ್ ಮುಟ್ಟಬೇಕಾದ್ರೆ ಇಂಜಿನ್ನನ್ನೇ ಹೊರಗೆ ಎತ್ತಬೇಕು. ಎತ್ತಿದ ಮೇಲೆ ಪ್ಲೇಟ್ ಚೆನ್ನಾಗೇ ಇತ್ತು ಅಂತಾದ್ರೆ? ಖರ್ಚೂ ದಂಡ, ನಡುಕವೂ ಹಾಗೇ ಉಳಿಯುತ್ತೆ. ಅದಕ್ಕೇ ಮೊದಲು ಯೋಚನೆ, ಆಮೇಲೆ ಸ್ಪ್ಯಾನರ್.

ನಡುಕ ಹುಟ್ಟೋದು ಹೇಗೆ? ಭಾರದ ಕಬ್ಬಿಣದ ಮಂಚವನ್ನು ನೆಲದ ಮೇಲೆ ಎಳೆದು ನೋಡಿ. ಒಂದೇ ಸಮ ಜಾರಲ್ಲ. ಅಂಟುತ್ತೆ, ಜಾರುತ್ತೆ, ಮತ್ತೆ ಅಂಟುತ್ತೆ. ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಹೆಚ್ಚು, ಅದೇ ಕಾರಣ. ಕ್ಲಚ್ ಪ್ಲೇಟ್ ಮತ್ತು ಫ್ಲೈವೀಲ್ ನಡುವೆಯೂ ಇದೇ ಆಟ ನಡೆಯಬಹುದು. ಪ್ಲೇಟಿಗೆ ಆಯಿಲ್ ತಾಗಿದ್ದರೆ ಇನ್ನೂ ಜೋರು.

ಹಾಗಾದ್ರೆ ರಿವರ್ಸಿನಲ್ಲೇ ಯಾಕೆ? ಇಲ್ಲಿ ನ್ಯೂಟನ್ನನ ಮೂರನೇ ನಿಯಮ ಬರುತ್ತೆ. ಗೇರ್‌ಬಾಕ್ಸ್ ಹಿಂದಿನ ಶಾಫ್ಟನ್ನು ಒಂದು ಕಡೆ ತಿರುಚಿದರೆ, ಇಂಜಿನ್ ಮತ್ತು ಗೇರ್‌ಬಾಕ್ಸ್ ತಾವೇ ಎದುರು ದಿಕ್ಕಿಗೆ ವಾಲ್ತವೆ. ಇಂಜಿನ್ನಿನಿಂದ 100 ನ್ಯೂಟನ್ ಮೀಟರ್ ಟಾರ್ಕ್ ಬಂದು, ಗೇರ್ ಅನುಪಾತ 3.5 ಇದ್ದರೆ, ಆ ವಾಲುವ ಬಲ 350 ನ್ಯೂಟನ್ ಮೀಟರ್. ಅದನ್ನು ತಡೆಯೋದು ರಬ್ಬರಿನ ಮೌಂಟುಗಳು. ರಿವರ್ಸಿನಲ್ಲಿ ಶಾಫ್ಟ್ ತಿರುಗೋ ದಿಕ್ಕು ಬದಲಾಗುತ್ತೆ. ಮುಂದಕ್ಕೆ ಹೋಗುವಾಗ ಒತ್ತಿಸಿಕೊಳ್ಳುತ್ತಿದ್ದ ಮೌಂಟ್ ಈಗ ಎಳೆತಕ್ಕೆ ಸಿಗುತ್ತೆ. ಸೀಳಿದ ರಬ್ಬರ್ ಒತ್ತಿದಾಗ ಮುಚ್ಚಿಕೊಂಡು ಸುಮ್ಮನಿರುತ್ತೆ, ಎಳೆದಾಗ ಬಾಯಿ ಬಿಡುತ್ತೆ. ಹಿಂದಿನ ಆಕ್ಸಲ್ಲನ್ನು ಹಿಡಿದಿರೋ ಲೀಫ್ ಸ್ಪ್ರಿಂಗಿನ ಬುಷ್‌ಗಳ ಕತೆಯೂ ಅದೇ.

ತಾಯಿಫ್‌ನ ಎತ್ತರವೂ ಇದಕ್ಕೆ ಕೈ ಜೋಡಿಸುತ್ತೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 80 ಶೇಕಡಾ ಮಾತ್ರ. ಕೆಳಗಿನ ಊರಿಗೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಹೆಚ್ಚು ಪೆಟ್ರೋಲ್ ಕೊಡುತ್ತೆ, ಇಂಜಿನ್ನಿಗೆ ಶಕ್ತಿ ಸಾಲಲ್ಲ. ಏರಿನಲ್ಲಿ ಹಿಂದಕ್ಕೆ ಹೋಗಲು ಆಕ್ಸಿಲರೇಟರ್ ಜಾಸ್ತಿ ಕೊಟ್ಟು, ಕ್ಲಚ್ಚನ್ನು ತುಂಬಾ ಹೊತ್ತು ಜಾರಿಸ್ತೀವಿ. ನಡುಕ ಹುಟ್ಟೋದೇ ಆ ಜಾರುವ ಹೊತ್ತಿನಲ್ಲಿ.

ಈಗ ಪತ್ತೆ ಹಚ್ಚೋಣ, ಖರ್ಚಿಲ್ಲದ ಪರೀಕ್ಷೆಯಿಂದ ಶುರು.

ಒಂದು: ಅದೇ ಏರಿನಲ್ಲಿ ಕಾರು ತಿರುಗಿಸಿ ನಿಲ್ಲಿಸಿ, ಫಸ್ಟ್ ಗೇರಿನಲ್ಲಿ ಹತ್ತಿಸಿ. ಆಗಲೂ ಅಷ್ಟೇ ನಡುಗಿದರೆ ಕ್ಲಚ್ ಮೇಲೆ ಅನುಮಾನ ಹೆಚ್ಚು. ರಿವರ್ಸಿನಲ್ಲಿ ಮಾತ್ರ ಅಂದ್ರೆ ಮೌಂಟ್, ಬುಷ್‌ಗಳ ಕಡೆ ನೋಡಿ.

ಎರಡು: ಕ್ಲಚ್ ಪೂರ್ತಿ ಬಿಟ್ಟ ಮೇಲೆ ನಡುಕ ನಿಲ್ಲುತ್ತಾ? ನಿಂತರೆ ತೊಂದರೆ ಜಾರುವ ಹಂತದ್ದು. ನಿಲ್ಲದಿದ್ದರೆ ಪ್ರೊಪೆಲರ್ ಶಾಫ್ಟಿನ ಜಾಯಿಂಟ್, ಹಿಂದಿನ ಬ್ರೇಕ್ ಹಿಡಿದುಕೊಂಡಿರೋದು, ಇವನ್ನೂ ನೋಡಬೇಕು.

ಮೂರು: ಮಂಜು ಬಿದ್ದ ರಾತ್ರಿ ಕಳೆದು ಬೆಳಿಗ್ಗೆ ಒಂದೆರಡು ಸಲ ಮಾತ್ರ ನಡುಗಿದರೆ, ಫ್ಲೈವೀಲ್ ಮೇಲಿನ ತೇವ, ತೆಳು ತುಕ್ಕು ಕಾರಣ ಇರಬಹುದು. ಅದು ತಾನೇ ಸವೆದು ಹೋಗುತ್ತೆ.

ನಾಲ್ಕು: ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಅಡ್ಡ ಕಟ್ಟೆ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಒತ್ತಿಯೇ ಇರಲಿ. ರಿವರ್ಸಿನಲ್ಲಿ ಕ್ಲಚ್ ಸ್ವಲ್ಪವೇ ಹಿಡಿಯುವಷ್ಟು ಬಿಡಲಿ. ಇನ್ನೊಬ್ಬರು ಬಾನೆಟ್ ತೆರೆದು ಪಕ್ಕದಿಂದ ನೋಡಲಿ. ಕಾರಿನ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು. ಇಂಜಿನ್ ಒಂದು ಕಡೆಯಿಂದ ಎದ್ದು ಬಂದರೆ ಮೌಂಟ್ ಹರಿದಿದೆ ಅಂತಲೇ ಲೆಕ್ಕ.

ಇಷ್ಟೆಲ್ಲ ನೋಡಿಯೂ ಬೇರೇನೂ ಸಿಗದಿದ್ದರೆ, ಆಗ ಇಂಜಿನ್ ಎತ್ತಿ. ಎತ್ತಿದ ಮೇಲೆ ಪ್ಲೇಟ್ ಒಂದನ್ನೇ ಬದಲಾಯಿಸಬೇಡಿ. ಫ್ಲೈವೀಲ್ ಮೇಲೆ ಸುಟ್ಟ ಕಲೆ ಇದೆಯಾ, ಇಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರ್ತಿದೆಯಾ ನೋಡಿ. ಸೋರಿಕೆ ನಿಲ್ಲಿಸದಿದ್ದರೆ ಹೊಸ ಪ್ಲೇಟಿಗೂ ಅದೇ ಗತಿ.