ಗ್ರಾಫಿಕ್ಸ್ ಕಾರ್ಡಿನ ಕಾವನ್ನು ಇಳಿಸುವ ಬಗೆ

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರಗಳನ್ನು ರೂಪಿಸುವುದಕ್ಕಾಗಿಯೇ ಗ್ರಾಫಿಕ್ಸ್ ಕಾರ್ಡೆಂಬ ಉಪಕರಣವುಂಟು. ಆಟಗಳಲ್ಲಿ ಮಾತ್ರವಲ್ಲದೆ ಗಣಿತದ ದೊಡ್ಡ ದೊಡ್ಡ ಲೆಕ್ಕಗಳಲ್ಲಿಯೂ ಅದನ್ನು ಇಂದು ಬಳಸುತ್ತಾರೆ. ಬೇಸಿಗೆಯ ಮಧ್ಯಾಹ್ನ ಈ ಕಾರ್ಡಿಗೆ ಭಾರಿ ಕೆಲಸವನ್ನು ಒಪ್ಪಿಸಿದವರು ಇದನ್ನು ಕಂಡಿರಬಹುದು: ಫ್ಯಾನುಗಳು ಭೋರೆಂದು ತಿರುಗುತ್ತವೆ, ಕೋಣೆಯೆಲ್ಲ ಬಿಸಿಯಾಗುತ್ತದೆ, ಚಿತ್ರದ ಓಟ ಒಮ್ಮೆ ಚುರುಕಾಗಿ ಇನ್ನೊಮ್ಮೆ ಮಂದವಾಗುತ್ತದೆ, ಕೆಲವೊಮ್ಮೆ ಕಂಪ್ಯೂಟರು ತಟ್ಟನೆ ನಿಂತು, ಗಂಟೆಗಟ್ಟಲೆ ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಇದಕ್ಕೆ ಕಾರಣವೇನು? ಹಣ ವೆಚ್ಚಮಾಡದೆಯೇ ಇದನ್ನು ಕಡಿಮೆಮಾಡಲು ಸಾಧ್ಯವೇ?

ಉದಾಹರಣೆಗಾಗಿ 2020ರಲ್ಲಿ ಹೊರಬಂದ ಎನ್ವಿಡಿಯಾ ಜಿಫೋರ್ಸ್ ಆರ್‌ಟಿಎಕ್ಸ್ 3080 ಎಂಬ ಕಾರ್ಡನ್ನು ತೆಗೆದುಕೊಳ್ಳೋಣ. ಅದರ ಸಿಲಿಕಾನ್ ಚಿಪ್ಪಿನ ವಿಸ್ತೀರ್ಣ ಸುಮಾರು 628 ಚದರ ಮಿಲಿಮೀಟರು. ಎಂದರೆ ಒಂದು ಅಂಚೆಚೀಟಿಯಷ್ಟು. ಅಷ್ಟರಲ್ಲಿ ಸುಮಾರು 2,800 ಕೋಟಿ ಟ್ರಾನ್ಸಿಸ್ಟರುಗಳು ಅಡಕವಾಗಿವೆ. ಕಾರ್ಡು ಪೂರ್ಣವಾಗಿ ದುಡಿಯುವಾಗ ಬಳಸುವ ವಿದ್ಯುತ್ತು 320 ವಾಟು. 60 ವಾಟಿನ ಹಳೆಯ ಬಗೆಯ ಐದು ಬಲ್ಬುಗಳಿಗೆ ಬೇಕಾಗುವುದಕ್ಕಿಂತಲೂ ಇದು ಹೆಚ್ಚು. ಇದರ ಬಹುಭಾಗ ಆ ಪುಟ್ಟ ಚಿಪ್ಪಿಗೇ ಸಲ್ಲುತ್ತದೆ. ಶಕ್ತಿಗೆ ನಾಶವಿಲ್ಲವಷ್ಟೆ, ಒಳಹೊಕ್ಕ ವಿದ್ಯುಚ್ಛಕ್ತಿ ಹೆಚ್ಚುಕಡಿಮೆ ಪೂರ್ತಿಯಾಗಿ ಉಷ್ಣವಾಗಿ ಹೊರಬರುತ್ತದೆ. ಆದುದರಿಂದ ಕಾವನ್ನು ಇಳಿಸಬೇಕಾದರೆ ಒಳಹೋಗುವ ವಿದ್ಯುತ್ತನ್ನೇ ಇಳಿಸಬೇಕು.

ಅದಕ್ಕೆ ದಾರಿ ಯಾವುದು? ಟ್ರಾನ್ಸಿಸ್ಟರೊಂದು ಸ್ವಿಚ್ಚಿನಂತೆ ಕೆಲಸಮಾಡುವಾಗ ಒಂದು ಅತಿಸೂಕ್ಷ್ಮ ಧಾರಕಕ್ಕೆ ವಿದ್ಯುದಾವೇಶವನ್ನು ತುಂಬಿ ಬರಿದುಮಾಡಿದಂತಾಗುತ್ತದೆ. ಧಾರಕದಲ್ಲಿ ಸಂಗ್ರಹವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬುದನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿರಬಹುದು. ಈ ಕ್ರಿಯೆ ಸೆಕೆಂಡಿಗೆ ಎಷ್ಟು ಸಲ ನಡೆಯುವುದೆಂಬುದನ್ನು ಆವೃತ್ತಿ ಸೂಚಿಸುತ್ತದೆ. ಆವೃತ್ತಿಯನ್ನು ಶೇಕಡಾ 5ರಷ್ಟು ತಗ್ಗಿಸಿದರೆ ಈ ವ್ಯಯವೂ ಶೇಕಡಾ 5ರಷ್ಟೇ ತಗ್ಗುತ್ತದೆ. ವೋಲ್ಟೇಜಿನ ವಿಷಯ ಹಾಗಲ್ಲ. 1.05 ವೋಲ್ಟನ್ನು 0.90 ವೋಲ್ಟಿಗೆ ಇಳಿಸಿದೆವೆನ್ನಿ. 0.90ನ್ನು 1.05ರಿಂದ ಭಾಗಿಸಿ, ಬಂದುದನ್ನು ವರ್ಗಮಾಡಿದರೆ ಸುಮಾರು 0.73. ವೋಲ್ಟೇಜು ಇಳಿದದ್ದು ಶೇಕಡಾ 14; ಚಿಪ್ಪಿನ ಈ ವ್ಯಯ ಇಳಿದದ್ದು ಶೇಕಡಾ 26ಕ್ಕೂ ಮಿಗಿಲು! ಜೊತೆಗೆ ಆವೃತ್ತಿಯನ್ನೂ ಶೇಕಡಾ 5ರಷ್ಟು ತಗ್ಗಿಸಿದರೆ ಒಟ್ಟು ಉಳಿತಾಯ ಶೇಕಡಾ 30ರಷ್ಟಾಗುತ್ತದೆ.

ಹಾಗಾದರೆ ತಯಾರಕರೇ ವೋಲ್ಟೇಜನ್ನು ಏಕೆ ಇಳಿಸಿರುವುದಿಲ್ಲ? ಒಂದೇ ಅಚ್ಚಿನಲ್ಲಿ ತಯಾರಾದರೂ ಯಾವ ಎರಡು ಚಿಪ್ಪುಗಳೂ ಸರಿಸಮನಾಗಿರುವುದಿಲ್ಲ. ತೀರ ಸಾಧಾರಣವಾದ ಚಿಪ್ಪೂ ತಪ್ಪಿಲ್ಲದೆ ನಡೆಯಲೆಂದು ಅವರು ಸ್ವಲ್ಪ ಹೆಚ್ಚಾಗಿಯೇ ವೋಲ್ಟೇಜನ್ನು ಗೊತ್ತುಮಾಡಿರುತ್ತಾರೆ. ಉತ್ತಮವಾದ ಚಿಪ್ಪಿಗೆ ಅಷ್ಟು ಬೇಕಾಗುವುದಿಲ್ಲ.

ಇದರಿಂದಾಗುವ ಲಾಭ ಎರಡು ಬಗೆಯದು. ಮೊದಲನೆಯದು ಓಟದ ಸಮತೆ. ಇಂದಿನ ಕಾರ್ಡುಗಳು ಶಕ್ತಿವ್ಯಯ ಅಥವಾ ತಾಪ ತನ್ನ ಮಿತಿಯನ್ನು ಮುಟ್ಟುವವರೆಗೆ ಆವೃತ್ತಿಯನ್ನು ತಾವೇ ಏರಿಸಿಕೊಂಡು, ಮುಟ್ಟಿದ ಕೂಡಲೆ ಇಳಿಸಿಕೊಳ್ಳುತ್ತವೆ. ವ್ಯಯ ಮಿತಿಗಿಂತ ಕೆಳಗೇ ಉಳಿದರೆ ಈ ಏರಿಳಿತ ತಪ್ಪುತ್ತದೆ. ಎರಡನೆಯದು ತಾಪದ ಇಳಿತ. ಫ್ಯಾನಿನ ವೇಗ ಬದಲಾಗದಿದ್ದರೆ, ಕೋಣೆಯ ತಾಪಕ್ಕಿಂತ ಚಿಪ್ಪಿನ ತಾಪ ಎಷ್ಟು ಹೆಚ್ಚೆಂಬುದು ಶಕ್ತಿವ್ಯಯಕ್ಕೆ ಸುಮಾರಾಗಿ ಅನುಪಾತದಲ್ಲಿರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ತಾಪ 38 ಡಿಗ್ರಿಯಿದ್ದು, ಚಿಪ್ಪು ಅದಕ್ಕಿಂತ 48 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಒಟ್ಟು 86 ಡಿಗ್ರಿ. ವ್ಯಯ ಶೇಕಡಾ 30ರಷ್ಟು ಕಡಿಮೆಯಾದರೆ 48ರ ಬದಲು ಸುಮಾರು 34. ಒಟ್ಟು 72 ಡಿಗ್ರಿ. ಅಲ್ಲದೆ, ತಣ್ಣಗಿರುವ ಚಿಪ್ಪಿನಲ್ಲಿ ವಿದ್ಯುತ್ತಿನ ಸೋರಿಕೆಯೂ ಕಡಿಮೆ. ವಿದ್ಯುತ್ತನ್ನು ಒದಗಿಸುವ ಪವರ್ ಸಪ್ಲೈಯ ಮೇಲಿನ ಹೊರೆಯೂ ಇಳಿಯುತ್ತದೆ.

ಆದರೆ ಈ ಇಳಿಕೆಗೆ ಒಂದು ಎಲ್ಲೆಯುಂಟು. ವೋಲ್ಟೇಜು ತಗ್ಗಿದಷ್ಟೂ ಟ್ರಾನ್ಸಿಸ್ಟರು ನಿಧಾನವಾಗುತ್ತದೆ. 1.8 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಒಂದು ಸಂಕೇತ ತನ್ನ ಗುರಿಯನ್ನು ಸೇರಲು ದೊರೆಯುವ ಕಾಲ ಸೆಕೆಂಡಿನ 180 ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಅದು ತಲಪದಿದ್ದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ಆಗ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಮೂಡಬಹುದು, ಕಾರ್ಯಕ್ರಮ ನಿಲ್ಲಬಹುದು. ಇವು ಕಣ್ಣಿಗೆ ಕಾಣುವ ದೋಷಗಳಾದುದರಿಂದ ಒಂದು ರೀತಿಯಲ್ಲಿ ಒಳ್ಳೆಯವೇ. ಲೆಕ್ಕ ನಿಲ್ಲದೆ ಸಾಗಿ ತಪ್ಪು ಉತ್ತರ ಬರುವುದೇ ನಿಜವಾದ ಅಪಾಯ. ಅದನ್ನು ನಂಬಿದವನಿಗೆ ತಪ್ಪಿನ ಸುಳಿವೂ ಸಿಕ್ಕುವುದಿಲ್ಲ.

ಆದ್ದರಿಂದ ಹೊಸಬರು ಮೊದಲು ಶಕ್ತಿಯ ಮಿತಿಯನ್ನು ಮಾತ್ರ ಶೇಕಡಾ 80ಕ್ಕೆ ಇಳಿಸಿ ನೋಡುವುದು ಲೇಸು. ಆಗ ಕಾರ್ಡು ತಯಾರಕರು ಗೊತ್ತುಮಾಡಿದ ವೋಲ್ಟೇಜು-ಆವೃತ್ತಿಗಳ ಜೋಡಿಗಳಲ್ಲಿಯೇ ಕೆಳಗಿನದನ್ನು ಆರಿಸಿಕೊಳ್ಳುತ್ತದೆ. ಮುಂದಿನ ಹೆಜ್ಜೆಯಿಡುವವರು ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ಸಾಫ್ಟ್‌ವೇರಿನಲ್ಲಿ ವೋಲ್ಟೇಜು-ಆವೃತ್ತಿಗಳ ರೇಖೆಯನ್ನು ತೆರೆದು, ಆವೃತ್ತಿಯನ್ನು ಒಂದೆಡೆ ನಿಲ್ಲಿಸಿ, ವೋಲ್ಟೇಜನ್ನು ಪ್ರತಿಸಲವೂ 0.025 ವೋಲ್ಟಿನಷ್ಟು ಮಾತ್ರ ಇಳಿಸಬೇಕು. ಪ್ರತಿ ಇಳಿಕೆಯ ನಂತರವೂ ಒಂದು ಗಂಟೆಯಾದರೂ ಭಾರಿ ಕೆಲಸ ಕೊಟ್ಟು, ಪೂರ್ಣಾಂಕಗಳ ಒಂದೇ ಲೆಕ್ಕವನ್ನು ಎರಡು ಬಾರಿ ಮಾಡಿಸಿ, ಉತ್ತರಗಳನ್ನು ಹೋಲಿಸಬೇಕು. ದೋಷ ಕಂಡೊಡನೆ ಒಂದೆರಡು ಹೆಜ್ಜೆ ಹಿಂದಕ್ಕೆ ಬಂದು ಅಲ್ಲಿಯೇ ನಿಲ್ಲಬೇಕು. ಕಂಪ್ಯೂಟರು ಆರಂಭವಾಗುವಾಗ ಈ ಬದಲಾವಣೆ ತಾನೇ ಜಾರಿಗೆ ಬರುವಂತೆ ಪರೀಕ್ಷೆ ಮುಗಿಯುವ ಮೊದಲು ಏರ್ಪಡಿಸಬಾರದು. ಹಾಗಿದ್ದರೆ, ಯಂತ್ರ ನಿಂತುಹೋದರೂ ಮತ್ತೆ ಆರಂಭಿಸಿದಾಗ ಕಾರ್ಡು ಮೊದಲಿನ ಸ್ಥಿತಿಗೆ ಬರುತ್ತದೆ.

ಗೆಳೆಯನ ಕಾರ್ಡಿಗೆ ಹೊಂದಿದ ಅಂಕಿ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ. ಚಳಿಗಾಲದಲ್ಲಿ ಸರಿಯೆನಿಸಿದ್ದನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ವೋಲ್ಟೇಜು, ಆವೃತ್ತಿ, ವಾಟು, ತಾಪ ಈ ನಾಲ್ಕನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ವೋಲ್ಟೇಜಿನ ವರ್ಗದೊಡನೆ ವಾಟುಗಳನ್ನು ಹೋಲಿಸಿ ನೋಡಿ. ನೆನಪಿನ ಚಿಪ್ಪುಗಳೂ ಫ್ಯಾನುಗಳೂ ಬಳಸುವ ವಿದ್ಯುತ್ತು ಇದರಲ್ಲಿ ಸೇರಿರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಕೂಡದು. ಆದರೂ ಪಾಠದಲ್ಲಿ ಓದಿದ ನಿಯಮ ನಿಮ್ಮ ಮೇಜಿನ ಮೇಲೆಯೇ ನಡೆಯುತ್ತಿರುವುದನ್ನು ಕಾಣುವಿರಿ.